ಮೂರನೇ ಕಲ್ಲಿನ ಸಾಕ್ಷಿ

ನಮ್ಮೂರ ಚೌಕದಲ್ಲಿ ಒಂದು ಫಲಕ ನಿಲ್ಲಿಸಬೇಕು ಎಂದು ಜಿಲ್ಲಾ ಕಚೇರಿಯವರಿಗೆ ಯಾಕೆ ತೋಚಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ವಾಲ್ದೆತೋರ್ದೊ ಎಲ್ಲಿದೆ ಅಂತ ವಾಲ್ದೆತೋರ್ದೊದಲ್ಲೇ ನಿಂತವನಿಗೆ ತಿಳಿಸುವ ಫಲಕ. ಸಮುದ್ರಮಟ್ಟದಿಂದ ಇಷ್ಟು ಎತ್ತರ, ಇಂಥ ಹಳ್ಳ, ಇಂಥ ಗುಡ್ಡ, ಚರಿತ್ರೆ ಇಷ್ಟು, ನೋಡತಕ್ಕ ಸ್ಥಳಗಳು ಇಂಥವು, ಜನಸಂಖ್ಯೆ ನಲವತ್ತೊಂದು. ಆ ನಲವತ್ತೊಂದೇ ಮೊದಲ ಸುಳ್ಳು. ಚಳಿಗಾಲದಲ್ಲಿ ಬಂದು ನೋಡಿ, ಹನ್ನೊಂದು ಚಿಮಣಿಯಲ್ಲಿ ಹೊಗೆ ಬಂದರೆ ಹೆಚ್ಚು. ಉಳಿದವರು ಪಟ್ಟಿಯಲ್ಲಿ ಮಾತ್ರ ನಮ್ಮೂರಲ್ಲಿದ್ದಾರೆ.

ಆ ಫಲಕಕ್ಕೆ ಬರೆಯಲು ಬಂದವಳು ಒಬ್ಬ ಹುಡುಗಿ. ಏಪ್ರಿಲ್ ತಿಂಗಳು, ಬಾದಾಮಿ ಹೂವು ಉದುರಿ ಮುಗಿದಿತ್ತು. ಒಂದು ಬಿಳಿ ಪುಟ್ಟ ಕಾರು ಚೌಕದಲ್ಲಿ ನಿಂತಿತು. ಇಳಿದವಳ ಕೈಯಲ್ಲಿ ಕ್ಯಾಮೆರಾ, ಕೊರಳಲ್ಲಿ ಜಾಗದ ಅಳತೆ ತೋರಿಸುವ ಒಂದು ಯಂತ್ರ. ನಾನು ಮೂವತ್ತೆಂಟು ವರ್ಷ ಈ ಊರಿನ ತಳವಾರನಾಗಿದ್ದವನು. ಹಿತ್ತಾಳೆ ಕಹಳೆ ಊದಿ ಸುದ್ದಿ ಸಾರಿದ್ದೇನೆ, ಊರ ಕಚೇರಿಯ ಬೀಗದ ಕೈ ಈಗಲೂ ನನ್ನ ಸೊಂಟದಲ್ಲೇ ಇದೆ. ಅಳೆಯುವ ಯಂತ್ರ ಹಿಡಿದು ಬಂದವರು ಯಾರೂ ನಮಗೆ ಒಳ್ಳೆಯದು ಮಾಡಿ ಹೋಗಿದ್ದನ್ನು ನಾನು ನೋಡಿಲ್ಲ.

"ಒನೆಸಿಮೊ ಮಾಮ ಅಂದ್ರೆ ನೀವೇ ಅಲ್ವಾ?" ಅಂದಳು. "ನಾನು ಅಲೋದಿಯಾ ಗಾಸ್ಕೋನ್."

"ಆಮೇಲೆ?"

"ಆಮೇಲೆ ಏನು?"

"ಗಾಸ್ಕೋನ್ ಆದ್ಮೇಲೆ ಏನು? ನಿಮ್ಮಮ್ಮನ ಮನೆತನ ಇಲ್ವಾ?"

ನಮ್ಮಲ್ಲಿ ಪ್ರತಿಯೊಬ್ಬರಿಗೂ ಎರಡು ಮನೆತನದ ಹೆಸರು, ಮೊದಲು ಅಪ್ಪನದು, ನಂತರ ಅಮ್ಮನದು. ಒಂದನ್ನು ಹೇಳಿ ಇನ್ನೊಂದನ್ನು ನುಂಗುವವರು ಅರ್ಧ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದ ಹಾಗೆ. ಅವಳು ನಕ್ಕು, "ಉದ್ದ ಆಗತ್ತೆ ಅಂತ ಒಂದೇ ಹೇಳ್ತೀನಿ ಮಾಮ," ಅಂದಳು. ನಾನೂ ನಕ್ಕೆ. ನನ್ನ ಕಿವಿ ಮಾತ್ರ ನೆಟ್ಟಗಾಗಿತ್ತು.

ಅವಳಿಗೆ ಊರು ತೋರಿಸುವ ಕೆಲಸ ನನ್ನ ತಲೆಗೇ ಬಂತು. ಮೇಯರ್ ಎವಾರಿಸ್ತೊಗೆ ಟ್ರ್ಯಾಕ್ಟರ್ ಬಿಟ್ಟು ಇಳಿದರೆ ದಾರಿಯೇ ಗೊತ್ತಾಗುವುದಿಲ್ಲ. ಇಗರ್ಜಿ ತೋರಿಸಿದೆ, ಬಟ್ಟೆ ಒಗೆಯುವ ಹಳೆಯ ತೊಟ್ಟಿ ತೋರಿಸಿದೆ, ಹಳ್ಳದ ದಂಡೆಯಲ್ಲಿ ಕುಸಿದುಬಿದ್ದ ನಮ್ಮ ಸೋದರಮಾವನ ಹಂಚಿನ ಭಟ್ಟಿ ತೋರಿಸಿದೆ. ನಮ್ಮ ಮನೆಯ ಸೂರಿನ ಹತ್ತಿರ ಬಂದಾಗ ಅವಳು ತಾನಾಗಿಯೇ ನಿಂತಳು. ಅಂಚಿನ ಹಂಚುಗಳ ಮೇಲೆ ಪುಟ್ಟ ಕೈಗಳ ಗುರುತು.

"ಇದು ಯಾರ ಕೈ?"

ಅಕ್ಕ ಫೆಲಿಸಾ ಬಾಗಿಲಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದಳು. ತಲೆ ಎತ್ತದೆ ತನ್ನ ಬಲಗೈ ಎತ್ತಿ ತೋರಿಸಿದಳು. ಕಿರುಬೆರಳು ಹೊರಕ್ಕೆ ಸೊಟ್ಟಗೆ ನಿಂತಿತ್ತು, ನಾಲ್ಕು ವರ್ಷದವಳಿದ್ದಾಗ ಹೇಸರಗತ್ತೆ ಕಚ್ಚಿ ಮುರಿದದ್ದು.

"ಆರು ವರ್ಷ ನನಗೆ. ಮಾವ ಹಂಚು ಒಣಗಕ್ಕೆ ಇಟ್ಟಿದ್ದ. ಏಳು ಹಂಚಿನ ಮೇಲೆ ಕೈ ಒತ್ತಿದೆ, ಎಣಿಸಿ ಏಳು ಏಟು ಕೊಟ್ಟ. ಇಲ್ಲಿ ಆರೇ ಹಂಚು ಇರೋದು. ಇನ್ನೊಂದು ಎಲ್ಲಿ ಹೋಯ್ತೋ ಗೊತ್ತಿಲ್ಲ. ಒಂದು ಏಟು ದಂಡ ಆಯ್ತು."

ಅಕ್ಕ ಈ ಮಾತನ್ನು ವರ್ಷಕ್ಕೆ ಹತ್ತು ಸಲ ಹೇಳುತ್ತಾಳೆ. ಹುಡುಗಿ ಆರೂ ಹಂಚುಗಳ ಫೋಟೋ ತೆಗೆದಳು. ಆಮೇಲೆ ಕೇಳಬಾರದ್ದನ್ನು ಕೇಳಿದಳು.

"ಸಾಂತಾ ಕಿತೇರಿಯಾ ಗುಡಿ ಯಾವ ಕಡೆ?"

ಅಕ್ಕನ ಬೆರಳು ಬಟಾಣಿಯಲ್ಲೇ ನಿಂತಿತು. ನಾನು ಹೇಳಿದೆ, "ಅದು ನಮ್ಮದಲ್ಲ. ಇನೆಸ್ತಾರಿನವರದು. ಹೋಗಿ ಅವರ ಫಲಕಕ್ಕೆ ಬರಿ."

ಆ ಗುಡಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಗುಡ್ಡದ ಮೇಲೆ ಕುರುಚಲು ಮರಗಳ ನಡುವೆ ಒಂದು ಕಲ್ಲಿನ ಗುಡಿ, ಪಕ್ಕದಲ್ಲಿ ಬೇಸಿಗೆಯಲ್ಲೂ ಬತ್ತದ ಊಟೆ. ನಮ್ಮ ಸೀಮೆಗೂ ಇನೆಸ್ತಾರಿನ ಸೀಮೆಗೂ ನಡುವೆ ಹನ್ನೆರಡು ಗಡಿಕಲ್ಲುಗಳಿವೆ. ಮೂರನೇ ಕಲ್ಲು ಗುಡಿಯ ಆಚೆಗಿತ್ತು, ಹಾಗಾಗಿ ಗುಡಿ ನಮ್ಮದಾಗಿತ್ತು. 1966ರ ಫೆಬ್ರವರಿಯಲ್ಲಿ ಮೂರು ವಾರ ಹಿಮ ಬಿದ್ದು ಕರಗಿದ ಮೇಲೆ ನೋಡಿದರೆ ಕಲ್ಲು ಗುಡಿಯ ಈಚೆಗೆ ನಿಂತಿದೆ. ಸರಿದದ್ದು ನಲವತ್ತು ಹೆಜ್ಜೆ. ಗುಡಿ, ಊಟೆ, ಸಂತಳ ಮೂರ್ತಿ ಎಲ್ಲ ಇನೆಸ್ತಾರಿನ ಪಾಲು. ಕಲ್ಲು ಮೊದಲಿಂದಲೂ ಇಲ್ಲೇ ಇತ್ತು ಅಂದರು ಅವರು. ಪುಕ್ಕಟೆ ಸಿಕ್ಕ ಗುಡಿಯನ್ನು ಯಾರು ತಾನೇ ಬೇಡ ಅನ್ನುತ್ತಾರೆ?

ಗಡಿಕಲ್ಲು ನೆಡಲು ಗೊತ್ತಿದ್ದವರು ಆಗ ಇಬ್ಬರೇ. ಒಬ್ಬ ನಮ್ಮಪ್ಪ ಮೆಲಿತೋನ್, ಆಗಿನ ತಳವಾರ. ಇನ್ನೊಬ್ಬ ಇನೆಸ್ತಾರಿನ ಕಾವಲುಗಾರ ತಿಬುರ್ಸಿಯೊ ಬೆರ್ಬೆಗಾಲ್. ಹತ್ತು ವರ್ಷಕ್ಕೊಮ್ಮೆ ಇಬ್ಬರೂ ಜೊತೆಯಾಗಿ ಹನ್ನೆರಡು ಕಲ್ಲು ಸುತ್ತಿ, ಒಂದೊಂದರ ಮೇಲೂ ಕೈಯಿಟ್ಟು, ಒಂದೇ ತೊಗಲುಚೀಲದಿಂದ ದ್ರಾಕ್ಷಾರಸ ಕುಡಿದು ಬರುತ್ತಿದ್ದರು. ನಮ್ಮ ಕಲ್ಲು ನಾವೇ ಸರಿಸಿಕೊಳ್ಳುತ್ತೇವೆಯೇ? ಕಳ್ಳ ತಿಬುರ್ಸಿಯೊ ಎಂದು ಇಡೀ ಊರು ಹೇಳಿತು. ಮೊದಲು ಹೇಳಿದವನು ನಮ್ಮಪ್ಪ.

ತಿಬುರ್ಸಿಯೊನ ಮಗ ಲಾಂಬೆರ್ತೊಗೂ ನಮ್ಮಕ್ಕನಿಗೂ ಆ ವರ್ಷ ಜೂನ್‌ನಲ್ಲಿ ಮದುವೆ ಎಂದು ನಿಶ್ಚಯವಾಗಿತ್ತು. ಹಾಸಿಗೆ ಹೊದಿಕೆಗೆಲ್ಲ ಅವಳು ಹೆಸರಿನ ಅಕ್ಷರ ಹೊಲಿದು ಮುಗಿಸಿದ್ದಳು. "ಕಲ್ಲು ಕದ್ದವರ ಮನೆಗೆ ಹೆಣ್ಣು ಕೊಡಲ್ಲ," ಅಂದ ಅಪ್ಪ. ಅಷ್ಟೇ. ಲಾಂಬೆರ್ತೊ ಒಂದು ವರ್ಷ ಕಾದು ಸರಗೋಸಾ ಪಟ್ಟಣಕ್ಕೆ ಹೋದ. ಅಕ್ಕ ಮನೆಯಲ್ಲೇ ಉಳಿದಳು. ಕಲ್ಲು ಸರಿಯುವ ಮುಂಚಿನ ಶರತ್ಕಾಲದಲ್ಲೇ ಅಮ್ಮ ತೀರಿಕೊಂಡಿದ್ದಳು, ನನಗೆ ಹದಿಮೂರು ವರ್ಷ. ಅಕ್ಕನೇ ನನ್ನನ್ನು ಬೆಳೆಸಿದಳು, ಅಪ್ಪನ ಕೊನೆಗಾಲದಲ್ಲಿ ಅವಳೇ ನೋಡಿಕೊಂಡಳು. ನಾನೂ ಮದುವೆಯಾಗಲಿಲ್ಲ. ಯಾಕೆ ಆಗಬೇಕು, ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿತ್ತು. ತಿಬುರ್ಸಿಯೊ ಕಳ್ಳ ಅನ್ನುವುದು ನಿಜವಾಗಿದ್ದರೆ ಮಾತ್ರ ಅಕ್ಕನ ಬದುಕಿಗೆ ಅರ್ಥ, ಇಲ್ಲದಿದ್ದರೆ ಐವತ್ತೆರಡು ವರ್ಷ ನೀರಲ್ಲಿ ಹೋಮ. ಆದ್ದರಿಂದ ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಕೆದಕುತ್ತಿರಲಿಲ್ಲ.

ಮೇ ಇಪ್ಪತ್ತೆರಡು ಸಾಂತಾ ಕಿತೇರಿಯಾಳ ಹಬ್ಬ. ಇವತ್ತಿಗೂ ನಮ್ಮೂರವರು ಬಾವುಟ ಹಿಡಿದು ಮೂರನೇ ಕಲ್ಲಿನವರೆಗೆ ಹೋಗುತ್ತೇವೆ. ಅಲ್ಲಿ ನಿಂತು, ಇನೆಸ್ತಾರಿನವರಿಗೆ ಬೆನ್ನು ತಿರುಗಿಸಿ ಹಾಡು ಹೇಳಿ ವಾಪಸು ಬರುತ್ತೇವೆ. ಸಂತಳಿಗೂ ಬೆನ್ನೇ ಕಾಣುತ್ತದೆ, ಏನು ಮಾಡುವುದು.

ಹುಡುಗಿ ಎರಡು ದಿನ ಬಿಟ್ಟು ಬಂದು ಹಳೆಯ ಕಡತಗಳ ಕೋಣೆ ತೆಗೆಯಿರಿ ಅಂದಳು.

"ಗುರುತಿನ ಚೀಟಿ ಕೊಡು. ರಿಜಿಸ್ಟರಲ್ಲಿ ಬರ್ಕೋಬೇಕು," ಅಂದೆ. ಅಂಥ ರಿಜಿಸ್ಟರ್ ಯಾವುದೂ ಇರಲಿಲ್ಲ. ಸೀಮೆಎಣ್ಣೆ ಲೆಕ್ಕದ ಹಳೆಯ ಪುಸ್ತಕವೊಂದನ್ನು ತೆಗೆದು ಗಂಭೀರವಾಗಿ ಕನ್ನಡಕ ಹಾಕಿಕೊಂಡೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಚೀಟಿ ಮೇಜಿನ ಮೇಲಿಟ್ಟಳು.

ಅಲೋದಿಯಾ ಗಾಸ್ಕೋನ್ ಬೆರ್ಬೆಗಾಲ್.

"ಲಾಂಬೆರ್ತೊ ನಮ್ಮ ತಾತ," ಅಂದಳು. "ಅಮ್ಮನ ಅಪ್ಪ. ಮೊದಲೇ ಹೇಳಿದ್ರೆ ನೀವು ಬಾಗಿಲು ಹಾಕ್ಕೋತಿದ್ರಿ."

"ಈಗಲೂ ಹಾಕ್ಕೋಬಹುದು."

"ಹಾಕ್ಕೊಳಿ ಮಾಮ. ಅದಕ್ಕೆ ಮುಂಚೆ ಇದನ್ನ ನೋಡಿ." ಬ್ಯಾಗಿನಿಂದ ಮೂರು ಹಾಳೆ ತೆಗೆದಳು. ತಿಬುರ್ಸಿಯೊ ನಮ್ಮ ಊರ ಕಚೇರಿಗೆ ಮೂರು ಸಲ ಕಾಗದ ಬರೆದಿದ್ದನಂತೆ, ಎರಡೂ ಊರವರು ಸೇರಿ ಮೂರನೇ ಕಲ್ಲಿನ ಬುಡ ಅಗೆಯೋಣ, ಸಾಕ್ಷಿ ನೋಡೋಣ ಅಂತ. ಮೂರಕ್ಕೂ ಬಂದ ಉತ್ತರ ಒಂದೇ ಸಾಲು, ಅಗತ್ಯವಿಲ್ಲ. ಅಕ್ಷರ ಅಪ್ಪನದು. ಅವನ ಹಾಗೆ ಬಾಲ ಎಳೆದು ಬರೆಯುವವರು ಈ ಸೀಮೆಯಲ್ಲಿ ಬೇರೆ ಇರಲಿಲ್ಲ.

ಅಗೆಯಲು ಒಪ್ಪದವರು ಇನೆಸ್ತಾರಿನವರು ಅಂತ ನಾನು ಹುಡುಗನಾಗಿದ್ದಾಗಿನಿಂದ ಕೇಳಿದ್ದೆ.

ಸಾಕ್ಷಿ ಅಂದರೆ ಇಷ್ಟೇ. ಗಡಿಕಲ್ಲು ನೆಡುವಾಗ ಒಂದು ಹಂಚನ್ನು ಎರಡಾಗಿ ಒಡೆದು, ಕಲ್ಲಿನ ಆಚೆಗೊಂದು ಈಚೆಗೊಂದು ಹೂಳುತ್ತಾರೆ. ಮುಂದೆ ಜಗಳ ಬಂದರೆ ಅಗೆದು ತೆಗೆದು ಎರಡನ್ನೂ ಜೋಡಿಸಿ ನೋಡುವುದು. ಒಡಕಿಗೆ ಒಡಕು ಕೂಡಿದರೆ ಕಲ್ಲು ತನ್ನ ಜಾಗದಲ್ಲೇ ಇದೆ. ಬುಡದಲ್ಲಿ ಏನೂ ಸಿಗದಿದ್ದರೆ ಯಾರೋ ತಂದು ನಿಲ್ಲಿಸಿದ್ದಾರೆ. ಕಲ್ಲನ್ನು ಕದಿಯುವವನಿಗೆ ಸಾಕ್ಷಿ ಹೂಳುವಷ್ಟು ತಾಳ್ಮೆ ಎಲ್ಲಿರುತ್ತದೆ?

"ಈ ಕಾಗದ ನೀನೇ ಬರೆಸಿದ್ದಲ್ಲ ಅಂತ ಏನು ಗ್ಯಾರಂಟಿ?" ಅಂದೆ.

"ಗ್ಯಾರಂಟಿ ಇಲ್ಲ. ಅದಕ್ಕೇ ಅಗೆಯೋಣ ಅಂತಿರೋದು. ಮುತ್ತಾತ ಕಳ್ಳ ಆಗಿದ್ರೆ ಹಾಗಂತಲೇ ಫಲಕದಲ್ಲಿ ಬರೀತೀನಿ. ತಾತಂಗೆ ಎಪ್ಪತ್ತಾರು ಆಯ್ತು. ನಮ್ಮಪ್ಪ ಕಳ್ಳನೋ ಅಲ್ವೋ ತಿಳ್ಕೊಂಡು ಸಾಯ್ತೀನಿ ಅಂತಾರೆ."

ಎವಾರಿಸ್ತೊ ಒಪ್ಪಿದ, ಗುಡಿ ವಾಪಸು ಬರುತ್ತದೆ ಎಂಬ ಆಸೆಗೆ. ಇನೆಸ್ತಾರಿನ ಮೇಯರಮ್ಮನೂ ಒಪ್ಪಿದಳು, ಬರುವುದಿಲ್ಲ ಎಂಬ ಧೈರ್ಯಕ್ಕೆ. ಹಬ್ಬಕ್ಕೆ ಮೂರು ದಿನ ಮುಂಚೆ, ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಎಂದು ಗೊತ್ತಾಯಿತು.

ಆ ಸಂಜೆ ಅಕ್ಕನಿಗೆ ಹೇಳಿದೆ. ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ವಾರಕ್ಕೆರಡು ಸಲ ಬರುವ ವ್ಯಾನಿನ ರೊಟ್ಟಿಯನ್ನು ಅವಳು ನಂಬುವುದಿಲ್ಲ, ಹಿಟ್ಟಿನಲ್ಲಿ ಏನೋ ಬೆರೆಸುತ್ತಾನೆ ಅನ್ನುತ್ತಾಳೆ. ಅನುಮಾನ ನಮ್ಮ ರಕ್ತದಲ್ಲೇ ಇದೆ.

"ಆ ಹುಡುಗಿ ಲಾಂಬೆರ್ತೊ ಮೊಮ್ಮಗಳಂತೆ."

ಅವಳ ಕೈ ಹಿಟ್ಟಿನೊಳಗೇ ನಿಂತುಬಿಟ್ಟಿತು.

"ಬದುಕಿದಾನಾ?" ಅಂದಳು.

"ಇದಾನೆ. ಹೆಂಡ್ತಿ ಹೋಗಿ ನಾಲ್ಕು ವರ್ಷ ಆಯ್ತಂತೆ."

"ನಾನು ಅದನ್ನ ಕೇಳಿದ್ನಾ?" ಎಂದು ಮತ್ತೆ ನಾದತೊಡಗಿದಳು. ಅವತ್ತು ಹಿಟ್ಟಿಗೆ ಬಿದ್ದ ಗುದ್ದು ಎಂದೂ ಬಿದ್ದಿರಲಿಲ್ಲ.

ನನಗೆ ಮಾತ್ರ ಒಂದೇ ಯೋಚನೆ. ಈ ಹುಡುಗಿ ಮೂರು ವಾರದಿಂದ ಯಂತ್ರ ಹಿಡಿದು ಗುಡ್ಡ ಸುತ್ತುತ್ತಿದ್ದಾಳೆ. ಕಲ್ಲಿನ ಬುಡದಲ್ಲಿ ತಾನೇ ಎರಡು ಚೂರು ಹಂಚು ಹೂತಿಟ್ಟು, ಶನಿವಾರ ಎಲ್ಲರ ಮುಂದೆ ತೆಗೆಸಿ, ಕಲ್ಲು ಸರಿದೇ ಇಲ್ಲ ಅಂದರೆ? ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದರೂ ಗುಡ್ಡದ ಮೇಲೆ ಎಷ್ಟು ಹೊತ್ತು ಕಾಯಲಾದೀತು? ಮೊದಲೇ ಅಗೆದು ನೋಡುವುದು ಒಳ್ಳೆಯದು ಅನ್ನಿಸಿತು. ಎರಡೂ ಊರವರಿಲ್ಲದೆ ಗಡಿಕಲ್ಲಿನ ಬುಡಕ್ಕೆ ಗುದ್ದಲಿ ಹಾಕಬಾರದು ಎಂದು ನನಗೆ ಹೇಳಿಕೊಟ್ಟವನು ಅಪ್ಪ. ಅದು ತಳವಾರನ ಮೊದಲ ಪಾಠ.

ಶುಕ್ರವಾರ ಮಧ್ಯಾಹ್ನ, ಎರಡೂ ಊರು ಉಂಡು ಕಿಟಕಿ ಮುಚ್ಚಿ ಮಲಗುವ ಹೊತ್ತಿನಲ್ಲಿ, ಗುದ್ದಲಿಯನ್ನು ಚೀಲದಲ್ಲಿ ಹಾಕಿಕೊಂಡು ಹೊರಟೆ. ಬಿಸಿಲು ನೆತ್ತಿ ಸುಡುತ್ತಿತ್ತು. ನಮ್ಮ ಕಡೆಯ ಪಕ್ಕದಲ್ಲೇ ಅಗೆದೆ. ಕೆಂಪು ಮಣ್ಣು, ಎಷ್ಟೋ ವರ್ಷದಿಂದ ಯಾರೂ ಮುಟ್ಟದ ಮಣ್ಣು, ಬೇರು ಹೆಣೆದುಕೊಂಡಿತ್ತು. ಹುಡುಗಿ ಏನೂ ಹೂತಿಲ್ಲ ಎಂದು ಅಷ್ಟರಲ್ಲೇ ಗೊತ್ತಾಗಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಮೊಣಕೈ ಆಳದಲ್ಲಿ ಗುದ್ದಲಿಗೆ ಹಂಚು ತಾಗಿತು.

ಊಟೆಯ ನೀರಿನಲ್ಲಿ ತೊಳೆದೆ. ಅರ್ಧ ಹಂಚು. ಅದರ ಮೇಲೆ ಪುಟ್ಟ ಬೆರಳುಗಳ ಗುರುತು, ಐದೂ. ಕಿರುಬೆರಳು ಹೊರಕ್ಕೆ ಸೊಟ್ಟಗಿತ್ತು.

ಗುಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ಕಲ್ಲನ್ನು ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ನೆಟ್ಟದ್ದು. ಅದರ ಬುಡದಲ್ಲಿ 1950ರಲ್ಲಿ ಅಕ್ಕ ಕೈ ಒತ್ತಿದ ಹಂಚು ಹೇಗೆ ಬರುತ್ತದೆ? ನಮ್ಮ ಹಿತ್ತಲಿನ ಹಂಚಿನ ರಾಶಿಗೆ ಕೈ ಹಾಕಬಲ್ಲವನು ಯಾರು? ಕಲ್ಲನ್ನು ಸರಿಸಿದ ಮೇಲೂ ಅಭ್ಯಾಸಬಲದಿಂದ ಹಂಚು ಒಡೆದು ಸಾಕ್ಷಿ ಹೂಳುವಷ್ಟು ಕಟ್ಟುನಿಟ್ಟಿನ ಮನುಷ್ಯ ಯಾರು? ಕತ್ತಲಲ್ಲಿ ಹಿಮದಲ್ಲಿ ಕೈಗೆ ಸಿಕ್ಕ ಹಂಚು ತಂದಿರಬೇಕು, ಅದರ ಮೇಲೆ ಏನಿದೆ ಎಂದು ನೋಡಿರಲಾರ. ಹೆಂಡತಿ ಸತ್ತಿದ್ದಾಳೆ, ಮಗ ಚಿಕ್ಕವನು, ಮಗಳು ಜೂನ್‌ನಲ್ಲಿ ಮದುವೆಯಾಗಿ ಹೋದರೆ ಮನೆಯಲ್ಲಿ ಒಲೆ ಹಚ್ಚುವವರಿಲ್ಲ. ಬೇಡ ಅನ್ನಲು ಬೇರೆ ಕಾರಣವಿಲ್ಲ, ಲಾಂಬೆರ್ತೊ ಒಳ್ಳೆಯ ಹುಡುಗ. ಊರಿಗೇ ನಷ್ಟವಾಗುವ ಹಾಗೆ ಕಲ್ಲು ಸರಿಸಿದರೆ ಊರವನ ಮೇಲೆ ಅನುಮಾನ ಯಾರಿಗೆ ಬರುತ್ತದೆ? ನನಗೇ ಬರಲಿಲ್ಲವಲ್ಲ, ಇಡೀ ಜಗತ್ತನ್ನು ಅನುಮಾನಿಸುವ ನನಗೆ.

ಅಪ್ಪನ ಮೇಲೆ ಕೋಪ ಬಂತು ಅಂದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಭಯ. ಅಕ್ಕನಿಗೆ ತಿಳಿದರೆ?

ಕುರಿಗಳ ಗಂಟೆ ಕೇಳಿಸಿತು. ಇನೆಸ್ತಾರಿನ ಕಡೆಯಿಂದ ಯಾರೋ ಮಂದೆ ಹೊಡೆದುಕೊಂಡು ಬರುತ್ತಿದ್ದರು. ಇನ್ನೊಂದು ಪಕ್ಕ ಅಗೆಯಲು ಹೊತ್ತಿರಲಿಲ್ಲ. ಗುಂಡಿ ಮುಚ್ಚಿ, ಮೇಲೆ ಒಣಹುಲ್ಲು ಉದುರಿಸಿ, ಅರ್ಧ ಹಂಚನ್ನು ಚೀಲಕ್ಕೆ ಹಾಕಿಕೊಂಡು ಇಳಿದೆ. ಅಕ್ಕ ಹಿತ್ತಲಲ್ಲಿದ್ದಳು. ಅಡುಗೆಮನೆಯಲ್ಲಿ ಹಿಟ್ಟು ನಾದುವ ಮರದ ದೋಣಿಯ ಕೆಳಗೆ, ಖಾಲಿ ಗೋಣಿಗಳ ಅಡಿಯಲ್ಲಿ ತುರುಕಿದೆ.

ರಾತ್ರಿಯ ಊಟಕ್ಕೆ ಬೆಳ್ಳುಳ್ಳಿ ಸಾರು. ಅಕ್ಕ ಬಡಿಸುತ್ತಾ ನನ್ನ ಕೈ ನೋಡಿದಳು.

"ಉಗುರಲ್ಲಿ ಏನದು?"

"ಈರುಳ್ಳಿ ಪಾತಿ ಕೆದಕ್ತಿದ್ದೆ."

"ಈರುಳ್ಳಿ ಪಾತಿ ಮಣ್ಣು ಕಪ್ಪು," ಅಂದಳು. ನಾನು ಸಾರಿಗೆ ತಲೆ ಬಗ್ಗಿಸಿದೆ.

ಶನಿವಾರ ಗುಡ್ಡದ ಮೇಲೆ ಜಾತ್ರೆಯ ಹಾಗೆ ಜನ. ನಮ್ಮೂರ ಹದಿನಾಲ್ಕು ಮಂದಿ, ಅವರೂರಿನ ಇಪ್ಪತ್ತು. ಅಕ್ಕ ಬಂದಿರಲಿಲ್ಲ, ಹಿಟ್ಟು ನಾದಿಟ್ಟಿದ್ದೇನೆ ಅಂದಿದ್ದಳು. ನಮ್ಮ ಕಡೆಯ ಪಕ್ಕವನ್ನು ಮೊದಲು ಅಗೆದರು. ಎವಾರಿಸ್ತೊನೇ ಗುದ್ದಲಿ ಹಿಡಿದಿದ್ದ. ಏನೂ ಸಿಗಲಿಲ್ಲ. ನಮ್ಮವರು ಚಪ್ಪಾಳೆ ತಟ್ಟಿದರು. ಇನೆಸ್ತಾರಿನ ಕಡೆ ಅಗೆದಾಗ ಅರ್ಧ ಹಂಚು ಸಿಕ್ಕಿತು. ಒಂದು ಕಡೆ ಮುರಿದದ್ದು, ಮಧ್ಯೆ ಆಳವಿಲ್ಲದ ಒಂದು ತಗ್ಗು. ಅದು ಅಂಗೈ ಎಂದು ನನ್ನೊಬ್ಬನಿಗೆ ಗೊತ್ತಿತ್ತು. ಉಳಿದವರಿಗೆ ಮಣ್ಣಿನ ದೋಷದ ಹಾಗೆ ಕಂಡಿತು.

"ಒಂದೇ ಸಾಕ್ಷಿ ಇದೆ," ಅಂದಳು ಮೇಯರಮ್ಮ. "ಜೋಡಿ ಎಲ್ಲಿ?"

ಎವಾರಿಸ್ತೊ ನಮ್ಮ ಕಡೆಯ ಗುಂಡಿಗೆ ಬಗ್ಗಿ ಮಣ್ಣು ಹಿಸುಕಿದ. ಪೆದ್ದನಾದರೂ ಮಣ್ಣು ಬಲ್ಲವನು. "ಈ ಮಣ್ಣು ಸಡಿಲ ಇದೆ. ಈಗ ಯಾರೋ ಅಗೆದಿದಾರೆ," ಅಂದ. ಎದ್ದು ನಿಂತು ಸುತ್ತ ನೋಡಿದ. ಅವನ ಕಣ್ಣು ಅಲೋದಿಯಾಳ ಮೇಲೆ ನಿಂತಿತು. "ಮೂರು ವಾರದಿಂದ ಯಾರಮ್ಮ ಇಲ್ಲಿ ಓಡಾಡ್ತಿದ್ದೋರು? ಬೆರ್ಬೆಗಾಲ್ ಮನೆಯೋರಿಗೆ ಈ ಕಲ್ಲು ಕಂಡ್ರೆ ಕೈ ಕಡಿಯುತ್ತೆ ಅಂತ ಕಾಣ್ಸುತ್ತೆ."

"ನಾನು ಮುಟ್ಟಿಲ್ಲ."

"ನಿಮ್ಮ ಮುತ್ತಾತನೂ ಅದೇ ಹೇಳಿದ್ದ."

ಜನ ನಕ್ಕರು. ಹುಡುಗಿ ಎಲ್ಲರನ್ನೂ ಬಿಟ್ಟು ನನ್ನ ಕಡೆ ತಿರುಗಿದಳು.

"ಒನೆಸಿಮೊ ಮಾಮ, ನೀವು ದಿನಾ ನನ್ನ ಹಿಂದೆನೇ ಇದ್ರಿ. ಕಳ್ಳನ್ನ ಕಾಯೋ ಹಾಗೆ ಕಾಯ್ತಿದ್ರಿ, ನನಗೆ ಗೊತ್ತು. ನನ್ನ ಕೈಲಿ ಗುದ್ದಲಿ ಯಾವತ್ತಾದ್ರೂ ನೋಡಿದ್ರಾ? ನೀವೇ ಹೇಳಿ."

ನನ್ನ ಬಾಯಲ್ಲಿ ಉತ್ತರವಿತ್ತು. ಒಂದೇ ಮಾತು, ಇಲ್ಲ ಅಂದರೆ ಮುಗಿಯುತ್ತಿತ್ತು. ಇಲ್ಲ ಅಂದರೆ ಮತ್ತೆ ಯಾರು ಎಂಬ ಪ್ರಶ್ನೆ ಬರುತ್ತಿತ್ತು.

"ನಾನು ಎಲ್ಲಾ ಹೊತ್ತೂ ನೋಡ್ತಿರಲಿಲ್ಲ," ಅಂದೆ.

ಅಷ್ಟು ನಾಚಿಕೆಗೆಟ್ಟ ಮಾತನ್ನು ನಾನು ಜೀವಮಾನದಲ್ಲಿ ಆಡಿರಲಿಲ್ಲ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಗುಡಿಯ ಬಾಗಿಲು ನೋಡುತ್ತಿದ್ದೆ.

ಆಗ ಕೆಳಗಿನ ದಾರಿಯಲ್ಲಿ, ನಮ್ಮ ಮಾತು ಕೇಳಿಸುವಷ್ಟು ಹತ್ತಿರದಲ್ಲಿ, ಅಕ್ಕ ಕಾಣಿಸಿದಳು. ಎಪ್ಪತ್ನಾಲ್ಕು ವರ್ಷದವಳು, ಆ ಏರನ್ನು ಎಲ್ಲೂ ನಿಲ್ಲದೆ ಹತ್ತಿ ಬರುತ್ತಿದ್ದಳು. ಅಡುಗೆ ಮಾಡುವಾಗ ಸೊಂಟದ ಮುಂದೆ ಕಟ್ಟುವ ಮುಂಗವಚಕ್ಕೆ ಹಿಟ್ಟು ಮೆತ್ತಿತ್ತು. ಅದರ ಅಂಚನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದಳು, ಒಳಗೆ ಮೊಟ್ಟೆ ತರುವ ಹಾಗೆ. ಜನ ದಾರಿ ಬಿಟ್ಟರು. ಅವಳು ಯಾರನ್ನೂ ನೋಡದೆ ಎವಾರಿಸ್ತೊನ ಕೈಯಿಂದ ಅರ್ಧ ಹಂಚು ತೆಗೆದುಕೊಂಡು ಕಲ್ಲಿನ ಮೇಲಿಟ್ಟಳು. ಮುಂಗವಚದಿಂದ ಇನ್ನೊಂದು ಅರ್ಧ ತೆಗೆದು ಪಕ್ಕದಲ್ಲಿಟ್ಟು ತಳ್ಳಿದಳು. ಒಡಕಿಗೆ ಒಡಕು ಕೂಡಿತು. ಅಂಗೈಗೆ ಬೆರಳು ಬಂತು.

ಆಮೇಲೆ ತನ್ನ ಬಲಗೈಯನ್ನು ಅದರ ಮೇಲಿಟ್ಟಳು. ದೊಡ್ಡ ಕೈಯ ಅಡಿಯಲ್ಲಿ ಚಿಕ್ಕ ಕೈ ಮುಚ್ಚಿಹೋಯಿತು. ಸೊಟ್ಟ ಕಿರುಬೆರಳು ಮಾತ್ರ ಎರಡೂ ಒಂದೇ ಕಡೆ ತಿರುಗಿದ್ದವು.

"ಏಳನೇದು," ಅಂದಳು.

ನಮ್ಮೂರವರಿಗೆಲ್ಲ ಆ ಆರು ಹಂಚುಗಳ ಕಥೆ ಬಾಯಿಪಾಠ. ಇನೆಸ್ತಾರಿನವರಿಗೆ ಪಕ್ಕದಲ್ಲಿ ನಿಂತವರು ಪಿಸುಗುಟ್ಟಿ ಹೇಳಿದರು.

ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವನು ಎವಾರಿಸ್ತೊ. "ಹಾಗಾದ್ರೆ ಕಲ್ಲು ಸರಿಸಿದ್ದು ನಿಜ. ಗುಡಿ ನಮ್ಮದೇ ಆಯ್ತಲ್ಲ?"

"ಆಯ್ತಪ್ಪ," ಅಂದಳು ಅಕ್ಕ. "ಗುಡಿ ನಮ್ಮದು. ಕಳ್ಳನೂ ನಮ್ಮೋನೇ."

ಅವಳು ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ದೋಣಿ ಕೆಳಗೆ ಯಾಕೋ ಇಟ್ಟೆ? ಅಪ್ಪ ನಂಗೆ ಗೊತ್ತಾಗ್ದೆ ಇರ್ಲಿ ಅಂತ ಬ್ರಾಂದಿ ಅಲ್ಲೇ ಅಡಗಿಸ್ತಿದ್ದ. ಐವತ್ತು ವರ್ಷದಿಂದ ಆ ಗೋಣಿ ಎತ್ತಿ ನೋಡೋದು ನಂಗೆ ಅಭ್ಯಾಸ."

"ಅಕ್ಕ, ನಿಂಗೆ ನೋವಾಗತ್ತೆ ಅಂತ..."

"ನಂಗೆ ನೋವಾಗತ್ತೆ ಅಂತಾನೋ, ನಿಂಗೆ ರೊಟ್ಟಿ ತಪ್ಪತ್ತೆ ಅಂತಾನೋ?"

ಅವಳ ಧ್ವನಿ ಏರಲಿಲ್ಲ.

"ಅಪ್ಪ ಒಂದು ಸಲ ಸರಿಸ್ದ, ಹೋಗ್ಲಿ, ಸತ್ತಿದಾನೆ. ನೀನು ನಿನ್ನೆ ಸರಿಸ್ದೆ. ಈ ಮಗೂನ ಅಷ್ಟು ಜನದ ಮುಂದೆ ನಿಲ್ಲಿಸಿ ಸುಮ್ನಿದ್ಯಲ್ಲೋ ತಮ್ಮ."

ಹುಡುಗಿಯ ಕಡೆ ತಿರುಗಿದಳು. "ಸರಗೋಸಾಗೆ ಎಷ್ಟು ಹೊತ್ತಾಗತ್ತೆ ಮಗಳೇ?"

"ಎರಡು ಗಂಟೆ, ಫೆಲಿಸಾ ಅಜ್ಜಿ."

"ಅಷ್ಟೇನಾ?" ಅಂದಳು ಅಕ್ಕ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಒಂದು ಸಲವೂ ಹೋದವಳಲ್ಲ. ಎರಡು ಚೂರು ಹಂಚನ್ನೂ ಮುಂಗವಚದಲ್ಲಿ ಹಾಕಿಕೊಂಡಳು, ಬೇಡ ಅನ್ನಲು ಮೇಯರುಗಳಿಗೂ ಧೈರ್ಯ ಬರಲಿಲ್ಲ. ಹಿಟ್ಟು ಮೆತ್ತಿದ ಅದೇ ಬಟ್ಟೆಯಲ್ಲಿ ಬಿಳಿ ಕಾರಿನಲ್ಲಿ ಕೂತಳು. ಗಾಜು ಇಳಿಸಿ ನನ್ನನ್ನು ಕರೆದು, "ಹಿಟ್ಟು ಉಬ್ಬಿರತ್ತೆ. ಬೇಯಿಸ್ಕೋ," ಅಂದಳು. ಕಾರು ಹೋಯಿತು.

ಮನೆಗೆ ಬಂದಾಗ ಹಿಟ್ಟು ದೋಣಿಯ ಅಂಚು ದಾಟಿ ನೆಲಕ್ಕೆ ಇಳಿಯುತ್ತಿತ್ತು. ಅರುವತ್ತೈದು ವರ್ಷದಲ್ಲಿ ನಾನು ಒಲೆಗೆ ಕಟ್ಟಿಗೆ ಹೊತ್ತು ಹಾಕಿದ್ದೇನೆಯೇ ಹೊರತು ಒಂದು ರೊಟ್ಟಿ ಒಳಗಿಟ್ಟವನಲ್ಲ. ಕೈಗೆ ಅಂಟಿಸಿಕೊಂಡು, ನೆಲಕ್ಕೆ ಬೀಳಿಸಿಕೊಂಡು, ಬೈದುಕೊಂಡು, ನಾಲ್ಕು ಉಂಡೆ ಒಲೆಗಿಟ್ಟೆ. ಹೊರಗೆ ಸೀದು ಒಳಗೆ ಹಸಿಯಾಗಿ ಬಂದವು. ಅದನ್ನೇ ತಿಂದೆ. ಎರಡು ದಿನ ಅದೇ ತಿಂದೆ.

ಸೋಮವಾರ ಎವಾರಿಸ್ತೊ ಬಂದು ಫಲಕದ ಬರಹ ತೋರಿಸಿದ. ಹುಡುಗಿ ಅಲ್ಲಿಂದಲೇ ಕಳಿಸಿದ್ದಳು. ಗುಡ್ಡ, ಹಳ್ಳ, ಇಗರ್ಜಿ, ತೊಟ್ಟಿ, ಭಟ್ಟಿ, ನಮ್ಮ ಸೂರಿನ ಆರು ಹಂಚು, ಎಲ್ಲ ಇತ್ತು. ಗುಡಿಯ ಹೆಸರಿನ ಕೆಳಗೆ ಎರಡು ಸಾಲಿನ ಜಾಗ ಖಾಲಿ ಬಿಟ್ಟಿದ್ದಳು. ಒನೆಸಿಮೊ ಮಾಮನಿಗೆ ಎಂದು ಪಕ್ಕದಲ್ಲಿ ಬರೆದಿತ್ತು. ನಾನು ಬರೆದೆ: ಮೂರನೇ ಕಲ್ಲನ್ನು 1966ರ ಚಳಿಗಾಲದಲ್ಲಿ ಸರಿಸಿದವನು ಈ ಊರಿನ ತಳವಾರ ಮೆಲಿತೋನ್. ಇನೆಸ್ತಾರಿನ ತಿಬುರ್ಸಿಯೊ ಬೆರ್ಬೆಗಾಲ್ ನಿರಪರಾಧಿ.

"ಹುಚ್ಚು ಹಿಡೀತಾ? ಬಂದೋರೆಲ್ಲ ಓದ್ತಾರೆ," ಅಂದ ಎವಾರಿಸ್ತೊ.

"ಓದ್ಲಿ ಅಂತಾನೇ ಅಲ್ವಾ ನಿಲ್ಲಿಸ್ತಿರೋದು?" ಅಂದೆ.

ಹಬ್ಬದ ದಿನ ಬೆಳಿಗ್ಗೆ ಊರ ಕಚೇರಿಯ ಫೋನ್ ಹೊಡೆದುಕೊಂಡಿತು. ಅಕ್ಕ. ಹಿಂದೆ ಯಾರೋ ಮುದುಕ ಕೆಮ್ಮುತ್ತಿದ್ದ. ಅವಳು ಯಾವಾಗ ಬರುತ್ತೇನೆ ಎಂದು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

"ರೊಟ್ಟಿ ಬೇಯಿಸಿದ್ಯಾ?" ಅಂದಳು.

"ಬೇಯಿಸಿದೆ ಅಕ್ಕ. ತಿಂದೂ ಆಯ್ತು. ಫಲಕಕ್ಕೆ ಅಪ್ಪನ ಹೆಸರೂ ಬರೆದುಕೊಟ್ಟೆ."

ಆ ಕಡೆ ಮುದುಕ ಮತ್ತೆ ಕೆಮ್ಮಿದ.

"ಸುಳ್ಳು," ಅಂದು ಅಕ್ಕ ಫೋನ್ ಇಟ್ಟಳು.

ಫಲಕದ ಕೆಲಸದವರು ಇನ್ನೂ ಬಂದಿರಲಿಲ್ಲ. ರೊಟ್ಟಿ ತಿಂದು ಖಾಲಿಯಾಗಿತ್ತು. ನಾನು ಹೇಳಿದ್ದು ನಿಜ ಎಂದು ತೋರಿಸಲು ನನ್ನ ಬಳಿ ಒಂದು ಸಾಕ್ಷಿಯೂ ಇರಲಿಲ್ಲ.